ಮೀನು ತರುವ ಗೀರು

ಕಾರಿಗೆ ಗೀರು ಬಿದ್ದರೆ ಮಂಗಳೂರಿನ ಮನುಷ್ಯನಿಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಉಪಾಯ ಬರುತ್ತದೆ. ಸಿಟ್ಟಿನಿಂದ ಯಾರಿಗೂ ತೊಂದರೆ ಇಲ್ಲ. ಉಪಾಯದಿಂದಲೇ ನನ್ನಂಥವನ ಹೊಟ್ಟೆ ತುಂಬುವುದು, ನಕ್ಕು ನಕ್ಕು ಅದೇ ಹೊಟ್ಟೆ ನೋಯುವುದು. ಒಂದು ಕತೆ ಮುಗಿಯಿತು ಅನ್ನುವಾಗ ಇನ್ನೊಂದು ಕತೆ ಫೋನ್ ಮಾಡಿ, "ನೀವು ಮನೆಗೇ ಬಂದು ಗೀರು ತೆಗೀತೀರಂತೆ ಹೌದಾ?" ಅಂತ ಕೇಳುತ್ತದೆ.

ಹೌದು, ತೆಗೆಯುತ್ತೇನೆ. ಸಣ್ಣ ಕಂಪ್ರೆಸರ್, ಸ್ಪ್ರೇ ಗನ್ನು, ಗೀರು ತುಂಬುವ ಪುಟ್ಟಿ, ಉಜ್ಜುವ ವಾಟರ್ ಪೇಪರ್ ಎಲ್ಲ ನನ್ನ ಹಳೆ ವ್ಯಾನಿನಲ್ಲಿ ಉಂಟು. ತಗಡು ಕಾಣುವಷ್ಟು ಆಳದ ಗೀರಾದರೂ ಸರಿ, ನಿಮ್ಮ ಅಂಗಳದಲ್ಲೇ ಮಾಯ ಮಾಡಿ ಕೊಡುತ್ತೇನೆ. ಕೆಲಸ ಕಲಿತದ್ದು ಬೆಳ್ತಂಗಡಿಯಿಂದಲೂ ಒಳಗಿನ ನಮ್ಮ ಊರಿನಲ್ಲಿ, ಬಾಡಿಗೆ ಜೀಪುಗಳ ಮೇಲೆ. ನಮ್ಮ ಊರಿನ ರಸ್ತೆಗೆ ಹೋಗಿ ಬಂದ ಜೀಪಿಗೆ ಗೀರು ಇಲ್ಲದಿದ್ದರೆ ಅದು ಹೋಗಿಯೇ ಇಲ್ಲ ಅಂತ ಅರ್ಥ. ಅಂಥಲ್ಲಿ ಪಳಗಿದ ಕೈ ಇದು. ನನ್ನಷ್ಟು ನಯವಾಗಿ ಬಣ್ಣ ಕೂಡಿಸುವವನು ನಂತೂರಿನಿಂದ ಬಂದರಿನವರೆಗೆ ಹುಡುಕಿದರೂ ಸಿಕ್ಕಲಿಕ್ಕಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆಯವರು ಹೇಳುವಲ್ಲಿ ತಡ ಮಾಡುತ್ತಾರೆ.

ಕೈ ಇತ್ತು, ಬಾಯಿಯೂ ಇತ್ತು. ಇಲ್ಲದ್ದು ಒಂದೇ, ತಲೆಯ ಮೇಲೊಂದು ಮಾಡು. ಒಂದು ಶೆಡ್ಡು, ಅದಕ್ಕೊಂದು ಶಟರ್, ಎದುರಿಗೆ ನನ್ನದೇ ಬೋರ್ಡು. ಇದು ಸಿಕ್ಕಿದರೆ ನಾನು ಮಂಗಳೂರಿನಲ್ಲಿ ನಿಂತೆ. ಸಿಕ್ಕದಿದ್ದರೆ ಊರವರ ಅಂಗಳ ತಿರುಗುವ ಸೊಪ್ಪಿನವನಿಗೂ ನನಗೂ ಎಂತ ವ್ಯತ್ಯಾಸ? ಈ ಶೆಡ್ಡಿಗಾಗಿ ನಾನು ಪಟ್ಟ ಪಾಡೇ ಮುಂದೆ ಬರೆದಿರುವುದು.

ಹಪ್ಪಳ

ಮಣ್ಣಗುಡ್ಡದ ಒಂದು ಫ್ಲ್ಯಾಟು. ನಿವೃತ್ತ ಬ್ಯಾಂಕಿನವರ ನೀಲಿ ಕಾರು. ಬಾನೆಟ್ಟಿನ ಮೇಲೆ ತೆಂಗಿನ ಗರಿ ಬಿದ್ದು ಉದ್ದಕ್ಕೆ ಗೀರಾಗಿತ್ತು. ಕೆಳಗೆ ಪಾರ್ಕಿಂಗಿನಲ್ಲಿ ಕತ್ತಲೆ. ಕತ್ತಲೆಯಲ್ಲಿ ನೀಲಿಯ ಜೊತೆ ನೀಲಿ ಕೂಡಿಸಲಿಕ್ಕೆ ನಾನು ಗೂಬೆಯಾ? ಕಾರನ್ನು ಹೊರಗೆ ಅಂಗಳಕ್ಕೆ ತಂದು ಉಜ್ಜಿದೆ, ಪುಟ್ಟಿ ತುಂಬಿದೆ, ಬಣ್ಣ ಹೊಡೆದೆ, ಕೊನೆಗೆ ಹೊಳಪಿನ ಲ್ಯಾಕರ್ ಹೊಡೆದೆ. ಬಾನೆಟ್ಟು ಕನ್ನಡಿಯ ಹಾಗೆ ಆಗಿತ್ತು. ಇನ್ನು ಒಣಗುವವರೆಗೆ ಯಾರೂ ಮುಟ್ಟಬಾರದು ಅಂತ ಮಾಲೀಕರಿಗೆ ಹೇಳಿ, ಅವರನ್ನೇ ಕಾವಲಿಗೆ ನಿಲ್ಲಿಸಿ ಚಾ ಕುಡಿಯಲಿಕ್ಕೆ ಹೋದೆ.

ಬಂದು ನೋಡುವಾಗ ಬಾನೆಟ್ಟಿನ ಮೇಲೆ ಹಳೆ ಸೀರೆ ಹಾಸಿತ್ತು. ಸೀರೆಯ ಮೇಲೆ ಸಾಲು ಸಾಲು ಹಲಸಿನ ಹಪ್ಪಳ.

ಮಾಲೀಕರು ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. "ಸಾರ್, ಇದೆಂತ?" ಅಂತ ಕೇಳಿದೆ. "ನೀವು ಯಾರೂ ಮುಟ್ಟಬಾರದು ಅಂದ್ರಿ. ಮೇಲಿನ ಫ್ಲ್ಯಾಟಿನವರು ಮುಟ್ಟಲಿಲ್ಲ, ಸೀರೆ ಹಾಕಿದ್ರು" ಅಂದರು. ಬ್ಯಾಂಕಿನವರು, ಷರತ್ತು ಅಕ್ಷರಕ್ಕೆ ಅಕ್ಷರ ಓದುವ ಅಭ್ಯಾಸ.

ಸೀರೆ ಎಳೆದರೆ ಬರುವುದಿಲ್ಲ. ಜೋರಾಗಿ ಎಳೆದಾಗ ಬಂದದ್ದು ಲ್ಯಾಕರ್ ಸಮೇತ. ಬಾನೆಟ್ಟಿನ ಮೇಲೆ ಸೀರೆಯ ಅಂಚಿನ ಮಾವಿನಕಾಯಿ ಡಿಸೈನು ಚೊಕ್ಕವಾಗಿ ಅಚ್ಚಾಗಿತ್ತು. ಅಷ್ಟರಲ್ಲಿ ಮೇಲಿನ ಫ್ಲ್ಯಾಟಿನ ಆಂಟಿ ಇಳಿದು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ಹಪ್ಪಳ ಮೂಸಿ ನೋಡಿ, "ಎಂತದಿದು, ಥಿನ್ನರಿನ ವಾಸನೆ?" ಅಂತ ನನ್ನ ಮೇಲೆಯೇ ಏರಿದರು.

"ಆಂಟಿ, ಅದು ಹಸಿ ಬಣ್ಣ. ಹಪ್ಪಳ ಒಣಗಿಸಲಿಕ್ಕೆ ಟೆರೇಸ್ ಇಲ್ವಾ?"

"ಟೆರೇಸಿನಲ್ಲಿ ಕಾಗೆ. ಇಲ್ಲಿ ಸಾರ್ ಕೂತಿದ್ದಾರೆ ಅಂತ ಹಾಕಿದ್ದು. ಇಷ್ಟು ನುಣ್ಣಗಿನ ಜಾಗ ಬೇರೆ ಎಲ್ಲಿ ಉಂಟು?"

ನುಣ್ಣಗೆ ಮಾಡಿದವನು ನಾನೇ ಅಂತ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೂ ಸಿಟ್ಟು ಬಿಡದೆ, "ನನ್ನ ಇಡೀ ದಿನದ ಕೆಲಸ ಹೋಯಿತು" ಅಂದೆ. ಆಂಟಿ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಕಾರಿಗೆ ನಾಳೆಯೂ ಬಣ್ಣ ಬಳಿಯಬಹುದು ಮಾರಾಯ. ಹಲಸಿನಕಾಯಿಯ ಸೀಸನ್ ವಾಪಸ್ ತರ್ಲಿಕ್ಕೆ ಆಗ್ತದಾ ನಿನ್ನಿಂದ?"

ಹುಳಿ ಮತ್ತು ಬೂದಿ

ಅಂದಿನಿಂದ ಫ್ಲ್ಯಾಟುಗಳ ಸಹವಾಸ ಬೇಡ, ಕಂಪೌಂಡು ಇರುವ ಮನೆಗಳೇ ಒಳ್ಳೆಯದು ಅಂತ ತೀರ್ಮಾನ ಮಾಡಿದೆ. ಕಂಪೌಂಡಿನ ಒಳಗೆ ಅತ್ತೆಯಂದಿರು ಇರುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಕರೆದಿದ್ದರು. ಫೋನಿನಲ್ಲಿ, "ಬಾಗಿಲಿಗೆ ಬೆರಳಿನಷ್ಟು ಉದ್ದದ ಗೀರು, ಸಣ್ಣ ಕೆಲಸ" ಅಂದಿದ್ದರು. ನಾನು ಹೋಗಿ ನೋಡಿದರೆ ಬಾಗಿಲಿನ ನಡುವೆ ಹುಣ್ಣಿಮೆ ಚಂದ್ರನಷ್ಟು ದೊಡ್ಡ ಬಿಳಿ ವೃತ್ತ, ಕೆಂಪು ಬಣ್ಣ ಪೂರ್ತಿ ಮಾಯ.

"ಸಾರ್, ಗೀರು ಎಲ್ಲಿ?"

"ಅದರೊಳಗೆ ಎಲ್ಲಿಯೋ ಉಂಟು" ಅಂದರು, ದನಿ ತಗ್ಗಿಸಿ.

ವಿಚಾರಿಸಿದೆ. ಮೊದಲು ಸಾರ್ ವಿಡಿಯೋ ನೋಡಿ ಟೂತ್‌ಪೇಸ್ಟ್ ಹಚ್ಚಿದ್ದಾರೆ. ಗೀರು ಹೋಗಲಿಲ್ಲ, ಕಾರಿನ ಬಾಯಿ ವಾಸನೆ ಹೋಗಿರಬೇಕು. ಆಮೇಲೆ ಹೆಂಡತಿಯ ನೈಲ್ ಪಾಲಿಶ್ ಹಚ್ಚಿದ್ದಾರೆ. ಕೆಂಪಿನ ಮೇಲೆ ಇನ್ನೊಂದು ಕೆಂಪು, ಗಾಯಕ್ಕೆ ಕುಂಕುಮ ಇಟ್ಟ ಹಾಗೆ ಕಂಡಿದೆ. ಇದನ್ನೆಲ್ಲ ಜಗುಲಿಯಲ್ಲಿ ಕೂತು ನೋಡುತ್ತಿದ್ದ ಅತ್ತೆಯವರಿಗೆ ತಡೆಯಲಿಲ್ಲ. ಅಳಿಯ ಕಾಲೇಜಿಗೆ ಹೋದ ಹೊತ್ತು ನೋಡಿ, ಹುಣಸೆಹುಳಿ, ಒಲೆಯ ಬೂದಿ, ತೆಂಗಿನ ನಾರು ತಂದು, ದೇವರ ದೀಪ ತಿಕ್ಕುವ ಕ್ರಮದಲ್ಲೇ ಕಾರಿನ ಬಾಗಿಲು ತಿಕ್ಕಿದ್ದಾರೆ. ಸೊಂಟ ನೋವು ಬಂದದ್ದಕ್ಕೆ ನಿಲ್ಲಿಸಿದ್ದು, ಇಲ್ಲದಿದ್ದರೆ ಆಚೆ ಸೀಟು ಕಾಣುತ್ತಿತ್ತು.

ನಾನು ಉಜ್ಜಲು ಕೂತಾಗ ಅವರೂ ಮಣೆ ತಂದು ನನ್ನ ಪಕ್ಕದಲ್ಲೇ ಕೂತರು. ನನ್ನ ವಾಟರ್ ಪೇಪರ್ ಮುಟ್ಟಿ ನೋಡಿದರು. "ನೀನು ಉಜ್ಜುದೂ ನಾನು ಉಜ್ಜಿದ್ದೂ ಒಂದೇ ಅಲ್ವಾ ಮಗ? ನಾನು ಉಜ್ಜಿದ್ರೆ ತಪ್ಪು, ನೀನು ಉಜ್ಜಿದ್ರೆ ವಿದ್ಯೆಯಾ?" ಅಂತ ಕೇಳಿದರು. ನಿಜ ಹೇಳುವುದಾದರೆ ನನ್ನ ಕೆಲಸದ ಮೊದಲ ಅರ್ಧವನ್ನು ಅವರು ನನಗಿಂತ ಜೋರಾಗಿಯೇ ಮಾಡಿ ಇಟ್ಟಿದ್ದರು. "ಹೌದು ಅಮ್ಮ, ಆದರೆ ನಾನು ಆಮೇಲೆ ಬಣ್ಣ ಹಾಕ್ತೇನೆ" ಅಂದೆ.

ಅವರು ಒಪ್ಪಲಿಲ್ಲ. ಅಳಿಯನ ಕಡೆ ತಿರುಗಿ, ಮೆಲ್ಲಗೆ, ಮನೆಯ ಗುಟ್ಟು ಹೇಳುವ ಹಾಗೆ ಹೇಳಿದರು: "ನನ್ನ ಅಜ್ಜಿಯ ಕಾಲದ ಕಂಚಿನ ದೀಪ, ದಿನಾ ತಿಕ್ತೇನೆ, ಇವತ್ತಿಗೂ ಚಿನ್ನದ ಹಾಗೆ ಉಂಟು. ನಿಮ್ಮ ಕಾರು ಒಂದೇ ತಿಕ್ಕಿಗೆ ಬಿಳಿ ಆಯ್ತು. ಅಳಿಯಂದಿರೇ, ನಿಮಗೆ ಶೋರೂಮಿನವರು ಟೋಪಿ ಹಾಕಿದ್ದಾರೆ."

ಸ್ಟಿಕ್ಕರು

ಕಾರಿನ ಸ್ಟಿಕ್ಕರು ನೋಡಿ ಮಾಲೀಕರ ಭಕ್ತಿ ಎಷ್ಟು ಅಂತ ಅಳೆಯುವವರು ಉಂಟು. ನಾನು ಡ್ರೈವಿಂಗ್ ಎಷ್ಟು ಅಂತ ಅಳೆಯುತ್ತೇನೆ. ಹಿಂದಿನ ಗಾಜಿನಲ್ಲಿದ್ದರೆ ಭಕ್ತಿ. ಬಾಗಿಲಿನ ಕೆಳಗೆ, ಬಂಪರಿನ ಮೂಲೆಯಲ್ಲಿ, ಓರೆಯಾಗಿ ಅಂಟಿಸಿದ್ದರೆ ಕೆಳಗೊಂದು ಗೀರು ಉಂಟು. ಇದರಲ್ಲಿ ಜಾತಿ ಧರ್ಮದ ಭೇದ ಇಲ್ಲ. ಗೀರಿನ ವಿಷಯದಲ್ಲಿ ಮಂಗಳೂರು ಒಂದೇ.

ಕುಲಶೇಖರದ ಒಂದು ಮನೆಯಲ್ಲಿ ಯುವಕನೊಬ್ಬ ಮದುವೆಗೆ ಮೊದಲು ಕಾರು ಚಂದ ಆಗಬೇಕು ಅಂತ ಕರೆದ. ಬಾಗಿಲಿನ ಮೇಲೆ ಅವರ ಕುಟುಂಬದ ದೈವದ ಹೆಸರಿನ ಸ್ಟಿಕ್ಕರು, ಅದರ ಅಡಿಯಲ್ಲಿ ಗೀರು. "ಸ್ಟಿಕ್ಕರು ತೆಗೆದು ಕೊಡಿ, ಉಳಿದದ್ದು ನಾನು ನೋಡ್ತೇನೆ" ಅಂದೆ.

"ನೀವೇ ತೆಗೀರಿ" ಅಂದ.

ನನ್ನ ಧೈರ್ಯದ ಬಗ್ಗೆ ಊರಿನಲ್ಲಿ ಕತೆಗಳು ಉಂಟು. ಹೆಬ್ಬಾವು ಹಿಡಿದವನು ನಾನು. ಆದರೆ ಇನ್ನೊಬ್ಬರ ಮನೆಯ ದೈವದ ಹೆಸರಿಗೆ ಉಗುರು ಹಾಕುವುದು ಧೈರ್ಯ ಅಲ್ಲ, ಬುದ್ಧಿ ಇಲ್ಲದ್ದು. "ಅಂಟಿಸಿದವರು ತೆಗೀಬೇಕು" ಅಂದೆ. ಅಂಟಿಸಿದ್ದು ಅವನ ಅಪ್ಪ. ಅಪ್ಪ ಒಳಗಿನಿಂದಲೇ, "ಅಂಟಿಸುವಾಗ ಪ್ರಾರ್ಥನೆ ಮಾಡಿ ಅಂಟಿಸಿದ್ದು, ತೆಗೀಲಿಕ್ಕೆ ಎಂತ ಪ್ರಾರ್ಥನೆ ಅಂತ ನನಗೆ ಗೊತ್ತಿಲ್ಲ" ಅಂದರು. ತಾಯಿ ಕೈ ಹಿಂದೆ ಕಟ್ಟಿಕೊಂಡರು. ಬೇರೆ ಧರ್ಮದವನಾದರೆ ದೋಷ ಇಲ್ಲ ಅಂತ ಪಕ್ಕದ ಮನೆಗೆ ತೆಂಗಿನಕಾಯಿ ಕೀಳಲು ಬಂದವನನ್ನು ಕರೆದರು. ಅವನು ಓದಿ ನೋಡಿ, "ನಾನು ದಿನಾ ಮರ ಹತ್ತುವವ ಮಾರಾಯ್ರೆ, ನನಗೆ ಎಲ್ಲರೂ ಬೇಕು" ಅಂತ ಹೋದ.

ಕೊನೆಗೆ ಉಪಾಯ ಹೊಳೆದದ್ದು ನನಗೇ. ಸ್ಟಿಕ್ಕರು ನಾವು ಕೀಳುವುದು ಬೇಡ, ಅದಾಗಿ ಬಿದ್ದರೆ ಯಾರ ತಪ್ಪೂ ಇಲ್ಲ. ಕೂದಲು ಒಣಗಿಸುವ ಮೆಷಿನ್ ತರಿಸಿ, ಕಾರು ಒದ್ದೆ ಇದೆ, ಸ್ವಲ್ಪ ಒಣಗಿಸುತ್ತೇನೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ ಬಿಸಿ ಗಾಳಿ ಬಿಟ್ಟೆ. ಇಡೀ ಮನೆಯವರು ಕೈ ಮುಗಿದು ನಿಂತಿದ್ದರು. ಸ್ಟಿಕ್ಕರು ಮೂಲೆ ಎತ್ತಿತು, ಮಡಚಿತು, ಮೆಲ್ಲಗೆ ಜಾರಿ ತಾಯಿ ಹಿಡಿದ ಹರಿವಾಣಕ್ಕೆ ಬಿತ್ತು. "ತಾನಾಗಿಯೇ ಬಂತು" ಅಂತ ಅಪ್ಪ ಸಾಕ್ಷಿ ಹೇಳಿದರು.

ಆಮೇಲೆ ನಾನು ಮಾಡಿದ ಕೆಲಸ ಇದೆಯಲ್ಲ, ಅದು ನನ್ನ ಬದುಕಿನಲ್ಲೇ ಒಳ್ಳೆಯ ಕೆಲಸ. ಬೆಳ್ಳಿ ಬಣ್ಣ, ಕೂಡಿಸಲು ಎಲ್ಲಕ್ಕಿಂತ ಕಷ್ಟ. ಬಿಸಿಲಿಗೆ ಹಿಡಿದರೂ, ನೆರಳಿಗೆ ಹಿಡಿದರೂ ಜೋಡಣೆ ಕಾಣುವುದಿಲ್ಲ. ಅಪ್ಪ ಬಂದು ಕಣ್ಣು ಸಣ್ಣ ಮಾಡಿ ನೋಡಿದರು. "ಭಾರೀ ಚಂದ ಆಗಿದೆ. ಯಾರ ಕಣ್ಣಾದರೂ ಬಿದ್ದೀತು" ಅಂತ ಹೇಳಿ, ಒಳಗೆ ಹೋಗಿ, ಹೊಸ ಸ್ಟಿಕ್ಕರು ತಂದು ಅಲ್ಲಿಗೇ ಅಂಟಿಸಿದರು. ಈ ಸಲ ದೊಡ್ಡದು.

ನನ್ನ ಅತ್ಯುತ್ತಮ ಕೆಲಸ ಈಗಲೂ ದೈವದ ಕಾವಲಿನಲ್ಲಿ ಉಂಟು. ಯಾರಿಗೂ ತೋರಿಸಲಿಕ್ಕೆ ಇಲ್ಲ.

ಧನಿಯ ಶೆಡ್ಡು

ಆ ಮದುವೆ ಮನೆಯ ಎದುರಿನ ಸಾಹುಕಾರರನ್ನು ಎಲ್ಲರೂ ಧನಿ ಅನ್ನುವುದು. ಮೀನಿನ ವ್ಯಾಪಾರ, ಅಜ್ಜನ ಕಾಲದಿಂದ ಕಡಲಿನಲ್ಲಿ ದುಡಿದ ಕುಟುಂಬ. ಬಂದರಿನ ವಾಸನೆ ಬೇಡ ಅಂತ ಹೆಂಡತಿ ಹಟ ಹಿಡಿದದ್ದಕ್ಕೆ ಕುಲಶೇಖರದಲ್ಲಿ ಮನೆ ಕಟ್ಟಿಸಿದ್ದರು. ವಾಸನೆ ದಿನಾ ಪಿಕಪ್ಪಿನಲ್ಲಿ ಕೂತು ಅವರ ಜೊತೆಯಲ್ಲೇ ಮನೆಗೆ ಬರುತ್ತಿತ್ತು, ಅದು ಬೇರೆ. ಅವರ ಕಂಪೌಂಡಿನ ಮೂಲೆಯಲ್ಲಿ, ರಸ್ತೆಗೆ ಮುಖ ಮಾಡಿ, ಐಸ್ ಪೆಟ್ಟಿಗೆ ಇಡುತ್ತಿದ್ದ ಶೆಡ್ಡೊಂದು ಖಾಲಿ ಬಿದ್ದಿತ್ತು. ಅದಕ್ಕೆ ಶಟರ್ ಕೂಡ ಇತ್ತು. ಅದನ್ನು ಕಂಡಲ್ಲಿಂದ ನನ್ನ ಕಣ್ಣು ಬೇರೆ ಕಡೆ ಹೋಗಿರಲಿಲ್ಲ.

ಧನಿಯೇ ಕರೆದರು. "ಶೆಡ್ಡು ಬೇಕಾ?"

"ಬೇಕು ಧನಿ."

"ಕೊಡ್ತೇನೆ. ಮೊದಲು ಒಂದು ಗೀರು ತೆಗೀಬೇಕು."

"ಕಾರು ಎಲ್ಲಿ?"

"ಕಾರು ನನ್ನದಲ್ಲ" ಅಂದು ಧನಿ ನಿಟ್ಟುಸಿರು ಬಿಟ್ಟು ಪಕ್ಕದ ಮನೆಯ ಕಡೆ ಗಲ್ಲ ಎತ್ತಿ ತೋರಿಸಿದರು. ಅದು ಬ್ಯಾರಿ ಕಾಕನ ಮನೆ. ಕಾಕನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ, ಮಗ ದುಬೈಯಲ್ಲಿ. ಮಗನ ಬಿಳಿ ಕಾರು ಗೇಟಿನ ಹೊರಗೆ ನಿಂತಿತ್ತು. ಅದರ ಎರಡು ಬಾಗಿಲಿಗೂ ಸೇರಿ ಕತ್ತಿಯಲ್ಲಿ ಎಳೆದಂಥ ಗೀರು.

ಆದದ್ದು ಇಷ್ಟು. ಹಿಂದೊಮ್ಮೆ ಧನಿ ಪಿಕಪ್ ರಿವರ್ಸ್ ತೆಗೆಯುವಾಗ ಹೊರಗೆ ಚಾಚಿದ್ದ ಮೀನಿನ ಕ್ರೇಟು ಕಾಕನ ಕಾರಿಗೆ ಉಜ್ಜಿತ್ತು. ಧನಿ ಗಾಬರಿಯಿಂದ ಹಣ ಹಿಡಿದುಕೊಂಡು ಹೋದರು. ಕಾಕ ಮುಟ್ಟಲಿಲ್ಲ. "ಬಿಡಿ ಧನಿ, ತಗಡಿಗೆ ತಾನೇ ಆದದ್ದು, ಮನುಷ್ಯನಿಗಲ್ಲ" ಅಂದರು.

"ಅಲ್ಲಿಯೇ ನಾನು ಹಾಳಾದದ್ದು" ಅಂದರು ಧನಿ. "ಹಣ ತಗೊಂಡಿದ್ರೆ ಅವತ್ತೇ ಮುಗೀತಿತ್ತು. ಅಷ್ಟು ದೊಡ್ಡ ಮಾತು ಹೇಳಿದ ಮನುಷ್ಯನಿಗೆ ಎಂತಾದರೂ ಕೊಡದೆ ಹೇಗೆ? ಸಂಜೆ ಒಂದು ದೊಡ್ಡ ಅಂಜಲ್ ಮೀನು ಕಳಿಸಿದೆ. ಮುಂದಿನ ಆದಿತ್ಯವಾರ ಆ ಗೀರು ಪುನಃ ಕಂಡಿತು. ಪುನಃ ನಾಚಿಕೆ ಆಯ್ತು. ಪುನಃ ಅಂಜಲ್. ಈಗ ಆದಿತ್ಯವಾರ ಬಂತು ಅಂದ್ರೆ ಮೀನು ತನ್ನಷ್ಟಕ್ಕೇ ನಡ್ಕೊಂಡು ಹೋಗ್ತದೆ."

"ನೋಡದಿದ್ರೆ ಆಯ್ತಲ್ಲ ಧನಿ?"

"ನೋಡದೆ ಹೇಗೆ? ಮೊದಲು ಅವರು ಕಾರನ್ನು ಮೂತಿ ಆಚೆ ಮಾಡಿ ನಿಲ್ಲಿಸ್ತಿದ್ರು, ಗೀರು ಅವರ ಗೋಡೆಯ ಕಡೆ ಇರ್ತಿತ್ತು. ಈಗ ತಿರುಗಿಸಿ ನಿಲ್ಲಿಸ್ತಾರೆ. ನನ್ನ ಗೇಟಿಗೆ ಸರೀ ಎದುರು."

ಮಳೆಗಾಲ ಹತ್ತಿರ ಬರುತ್ತಿತ್ತು. ಬೋಟುಗಳು ದಡದಲ್ಲಿ ನಿಂತ ಮೇಲೆ ಒಳ್ಳೆಯ ಮೀನಿಗೆ ಚಿನ್ನದ ರೇಟು. ಅದಕ್ಕೆ ಮೊದಲು ಗೀರು ಹೋಗಬೇಕು, ಹೋದರೆ ಶೆಡ್ಡಿನ ಬೀಗದಕೈ ನನ್ನದು. ಇದು ಒಪ್ಪಂದ. ಧನಿ ಕೊನೆಯ ಮಾತು ಹೇಳುವಾಗ ಕಣ್ಣಲ್ಲಿ ನೀರಿತ್ತು. "ಹುಟ್ಟಿದಲ್ಲಿಂದ ನಾನು ತಿಂದ ಅಂಜಲಿಗಿಂತ ಜಾಸ್ತಿ ಆ ಗೀರು ತಿಂದಾಯಿತು ಮಾರಾಯ."

ಉಮ್ಮನ ನೆಪಗಳು

ಕಾಕ ಕೂಡಲೇ ಒಪ್ಪಿದರು. "ಮಾಡು ಮಾಡು, ಧನಿಗೆ ಸಮಾಧಾನ ಆಗ್ಲಿ. ಮನೆಯವಳಲ್ಲಿ ಒಂದು ಮಾತು ಕೇಳು" ಅಂದರು. ಕಾಕನ ಹೆಂಡತಿಯನ್ನು ಓಣಿಯವರೆಲ್ಲ ಉಮ್ಮ ಅಂತಲೇ ಕರೆಯುವುದು, ಅವರಿಗೆ ಎಲ್ಲರೂ ಮೋನೇ, ಅಂದರೆ ಮಗ.

"ಇವತ್ತು ಬೇಡ ಮೋನೇ, ಶುಕ್ರವಾರ" ಅಂದರು ಉಮ್ಮ. "ಊಟ ಮಾಡಿ ಹೋಗು."

ಮರುದಿನ ಹೋದೆ. ಬಿಸಿಲು ಜೋರಿದೆ, ಹಸಿ ಬಣ್ಣ ಒಡೆದೀತು ಅಂದರು. ಊಟ ಮಾಡಿದೆ. ಇನ್ನೊಂದು ದಿನ ಹೋದರೆ ಮೋಡ ಉಂಟು ಅಂದರು. ಊಟ ಮಾಡಿದೆ. ಮತ್ತೊಂದು ದಿನ, ಕಾರು ಮಗನದ್ದು, ಅವನಲ್ಲಿ ಕೇಳಬೇಕು ಅಂತ ದುಬೈಗೆ ಫೋನ್ ಹಾಕಿದರು. ಮಗ, "ಉಮ್ಮ ಹೇಳಿದ ಹಾಗೆ" ಅಂದ. ಉಮ್ಮ ನನ್ನ ಕಡೆ ನೋಡಿ, "ಕೇಳಿದ್ಯಲ್ಲ, ಅವನಿಗೆ ಮನಸ್ಸಿಲ್ಲ" ಅಂದರು. ಊಟ ಮಾಡಿದೆ. ಊಟಕ್ಕೆ ಪ್ರತಿ ಸಲವೂ ಅಂಜಲ್ ಫ್ರೈ, ಅಂಗೈಯಷ್ಟು ಅಗಲದ ತುಂಡು. ಸಾಯಂಕಾಲ ಧನಿ ಗೇಟಿನಲ್ಲಿ ನಿಂತು, "ಎಂತ ಆಯ್ತು?" ಅಂತ ಕೇಳುವಾಗ ನನ್ನ ಬೆರಳಿನಲ್ಲಿ ಅವರದ್ದೇ ಮೀನಿನ ಮಸಾಲೆ.

ನನಗೆ ಅನ್ನಿಸಿದ್ದು, ಈ ಹೆಂಗಸಿಗೆ ನನ್ನ ಕೈಚಳಕದ ಮೇಲೆ ನಂಬಿಕೆ ಇಲ್ಲ. ಅದು ಮಾತ್ರ ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ಒಂದು ದಿನ ಊಟ ಬೇಡ ಅಂತ ಹೇಳಿ, ಫೋನ್ ತೆಗೆದು, ನಾನು ಮಾಡಿದ ಕೆಲಸದ ಫೋಟೋ ಒಂದೊಂದಾಗಿ ತೋರಿಸಿದೆ. ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು. ಇದು ಮೊದಲು, ಇದು ಆಮೇಲೆ. ನನ್ನನ್ನೇ ನಾನು ಹೊಗಳಿ ಹೊಗಳಿ ಗಂಟಲು ಒಣಗಿತು. ಉಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಫೋಟೋ ಹೋದ ಹಾಗೆ ಅವರ ಮುಖ ಬಾಡುತ್ತಾ ಹೋಯಿತು.

"ಇಷ್ಟು ಪೂರ್ತಿ ಹೋಗ್ತದಾ ಮೋನೇ? ಸ್ವಲ್ಪವೂ ಉಳಿಯುದಿಲ್ವಾ?"

"ದುರ್ಬೀನು ಹಾಕಿ ಹುಡುಕಿದ್ರೂ ಸಿಗುದಿಲ್ಲ ಉಮ್ಮ."

ಅವರು ಕಾರಿನ ಕಡೆ ನೋಡಿದರು, ಅಡಿಗೆಮನೆಯ ಕಡೆ ನೋಡಿದರು. ಆಮೇಲೆ, "ಅರ್ಧ ತೆಗೀಲಿಕ್ಕೆ ಆಗ್ತದಾ?" ಅಂತ ಕೇಳಿದರು.

ಬರ್ಲಿ, ಬರ್ಲಿ

ಅರ್ಧ ಕೆಲಸ ನನ್ನ ಹುಟ್ಟಿನಲ್ಲೇ ಇಲ್ಲ. ಕಾಕನೂ ಉಮ್ಮನೂ ಉಳ್ಳಾಲದ ಮದುವೆಗೆ ಅಂತ ನೆಂಟರ ಕಾರಿನಲ್ಲಿ ಹೋದ ದಿನ ಬಿಳಿ ಕಾರು ಒಂಟಿಯಾಗಿ ಸಿಕ್ಕಿತು. ಕಾಕ ಮೊದಲೇ "ಮಾಡು" ಅಂದಿದ್ದರಲ್ಲ, ನನಗೆ ಅಷ್ಟು ಸಾಕು. ಧೂಳು ಬೀಳದ ಹಾಗೆ ಧನಿ ತಾವೇ ಬಂದು ಟಾರ್ಪಾಲು ಕಟ್ಟಿಕೊಟ್ಟರು. ಬಿಳಿಯ ಮೇಲೆ ಬಿಳಿ ಕೂಡಿಸಿದೆ. ಸಂಜೆ ಆಗುವಾಗ ಆ ಬಾಗಿಲುಗಳು ಫ್ಯಾಕ್ಟರಿಯಿಂದ ಆಗಷ್ಟೇ ಇಳಿದು ಬಂದ ಹಾಗೆ ಇದ್ದವು.

ಮದುವೆಯಿಂದ ಬಂದ ಉಮ್ಮ ಕಾರಿಗೆ ಒಂದು ಸುತ್ತು ಬಂದು, ಬಾಗಿಲ ಮೇಲೆ ಕೈ ಆಡಿಸಿ, ಒಳಗೆ ಹೋದರು. "ಚಂದ ಆಗಿದೆ" ಅಂದರು ಕಾಕ, ಸಾವಿನ ಮನೆಯಲ್ಲಿ ಮಾತಾಡುವ ಧ್ವನಿಯಲ್ಲಿ. ಧನಿ ಮಾತ್ರ ನನ್ನ ಕೈ ಹಿಡಿದು ಬೀಗದಕೈ ಕೊಟ್ಟರು. ಮರುದಿನವೇ ಬೋರ್ಡು ಬರೆಸಿ ಹಾಕಿದೆ: "ಇಲ್ಲಿ ಯಾವ ಗೀರೂ ಉಳಿಯುವುದಿಲ್ಲ."

ಆದಿತ್ಯವಾರ ಬಂತು. ಮೀನು ಹೋಗಲಿಲ್ಲ. ಧನಿ ಗೆದ್ದವರ ಹಾಗೆ ಜಗುಲಿಯಲ್ಲಿ ಕೂತರು. ಆದರೆ ಧನಿ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಇತ್ತು, ಪಾತ್ರೆ. ಆದಿತ್ಯವಾರ ಮೀನು ಹಾಕಿ ಕಳಿಸಿದ ಪಾತ್ರೆಯನ್ನು ಉಮ್ಮ ಒಂದು ಸಲವೂ ಖಾಲಿ ವಾಪಸ್ ಕಳಿಸಿದವರಲ್ಲ. ಅಕ್ಕಿ ರೊಟ್ಟಿಯಂಥ ಪತ್ತಿರ್, ಕೋಳಿ ಸಾರು, ಶುಕ್ರವಾರವಾದರೆ ತುಪ್ಪ ಹಾಕಿದ ಬಿರಿಯಾನಿ, ಪಾತ್ರೆಯ ತುಂಬ. ಈಗ ಪಾತ್ರೆ ಹೋಗದಿದ್ದರೆ ಬರುವುದು ಹೇಗೆ?

ಶುಕ್ರವಾರ ಕಳೆದ ಮೇಲೆ ಧನಿಯ ಹೆಂಡತಿ ನೇರ ನನ್ನ ಶೆಡ್ಡಿಗೆ ಬಂದರು. "ಆ ಕಾರು ಸರಿ ಮಾಡ್ಲಿಕ್ಕೆ ನಿನಗೆ ಹೇಳಿದ್ದು ಯಾರು?"

"ಧನಿ ಹೇಳಿದ್ದು ಅಕ್ಕ."

"ಅವರಿಗೆ ಬುದ್ಧಿ ಇಲ್ಲ, ನಿನಗಾದ್ರೂ ಬೇಡ್ವಾ? ಮದುವೆ ಆದಲ್ಲಿಂದ ಈ ಮನೆಯಲ್ಲಿ ಮೀನೇ ತಿಂದು ನನ್ನ ನಾಲಿಗೆ ಸತ್ತಿತ್ತು. ಈಗಷ್ಟೇ ಸ್ವಲ್ಪ ಬಿರಿಯಾನಿ ಸುರುವಾದದ್ದು." ಅವತ್ತಿನಿಂದ ಅವರು ಧನಿಗೆ ಗಂಜಿ, ಉಪ್ಪಿನಕಾಯಿ ಬಿಟ್ಟು ಬೇರೆ ಬಡಿಸಲಿಲ್ಲ ಅಂತ ಧನಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅಕ್ಕ ಹೋದ ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಉಮ್ಮನ ತಲೆ ಕಂಡಿತು. "ಮೋನೇ, ತೆಗೀಲಿಕ್ಕೆ ಗೊತ್ತಿದ್ದವನಿಗೆ ವಾಪಸ್ ಹಾಕ್ಲಿಕ್ಕೂ ಗೊತ್ತಿರ್ತದಲ್ವಾ?"

ನನ್ನ ಮಾನಕ್ಕೆ ಕೈ ಹಾಕಿದ ಹಾಗಾಯಿತು. "ಉಮ್ಮ, ಗೀರು ಹಾಕುವ ಕೆಲಸ ನಾನು ಕಲಿತಿಲ್ಲ. ಅಷ್ಟು ಬೇಕಾದ್ರೆ ಕಾರನ್ನು ನಂತೂರು ಸರ್ಕಲ್ಲಿಗೆ ಒಂದು ರೌಂಡ್ ಕಳಿಸಿ. ಲಾರಿಯವರು ಬಿಟ್ಟಿಯಾಗಿ ಹಾಕಿ ಕೊಡ್ತಾರೆ."

"ಲಾರಿಯವರು ಮೀನು ಕಳಿಸ್ತಾರಾ?" ಅಂದರು ಉಮ್ಮ.

ನಾನು ಶಟರ್ ಅರ್ಧ ಎಳೆದು ಒಳಗೆ ಹೋದೆ.

ಮಳೆ ಇಂದೋ ನಾಳೆಯೋ ಅನ್ನುವ ಹಾಗಿದ್ದ ಒಂದು ಬೆಳಿಗ್ಗೆ. ನಾನು ಶೆಡ್ಡಿನಲ್ಲಿ ಪುಟ್ಟಿ ಕಲಸುತ್ತಿದ್ದೆ. ಧನಿ ಪಿಕಪ್ ಹತ್ತಿದರು. ಹಿಂದೆ ಒಂದು ಕ್ರೇಟು ಹೊರಗೆ ಚಾಚಿತ್ತು. ಸಡಿಲಾಗಿ ಜಾರಿದ್ದಲ್ಲ, ಹೊರಗೆ ಚಾಚುವ ಹಾಗೆಯೇ ಬಿಗಿದು ಕಟ್ಟಿತ್ತು. ಆ ಓಣಿಯಲ್ಲಿ ಕಣ್ಣು ಮುಚ್ಚಿ ರಿವರ್ಸ್ ತೆಗೆಯುವ ಮನುಷ್ಯ ಅವತ್ತು ಎರಡೆರಡು ಸಲ ತಲೆ ಹೊರಗೆ ಹಾಕಿ ಹಿಂದೆ ನೋಡಿದರು. ಪಿಕಪ್ ಬಿಳಿ ಕಾರಿನ ಪಕ್ಕಕ್ಕೆ ಬಂತು. ಅಂತರ ಉಳಿಯಿತು. ಮುಂದೆ ಹೋದರು, ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರು, ಪುನಃ ಹಿಂದೆ ಬಂದರು. ಈಗಲೂ ಒಂದು ಗೇಣು ಉಳಿಯಿತು.

ಕಾಕ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ಮಡಚಿ ಇಟ್ಟು, ಚಪ್ಪಲಿ ಹಾಕಿಕೊಂಡು ಗೇಟಿನ ಹೊರಗೆ ಬಂದರು. ನಾನು ಓಡಿ ಹೋಗಿ ತಡೆಯಬೇಕು ಅಂತ ಎದ್ದೆ. ಅಷ್ಟರಲ್ಲಿ ಕಾಕ ಕಾರಿನ ಹಿಂದೆ ನಿಂತು, ಕೈ ಎತ್ತಿ, ಬಸ್ಸಿನ ಕಂಡಕ್ಟರಿನಷ್ಟು ಗಂಭೀರವಾಗಿ ಕರೆಯಲು ಸುರು ಮಾಡಿದರು.

"ಬರ್ಲಿ ಧನಿ… ಬರ್ಲಿ… ಸ್ವಲ್ಪ ಲೆಫ್ಟ್… ಇನ್ನೂ ಜಾಗ ಉಂಟು… ಬರ್ಲಿ, ಬರ್ಲಿ…"

ಕರ್ರ್ ಅಂತ ಶಬ್ದ ಬಂತು. ಹೆಡ್‌ಲೈಟಿನಿಂದ ಹಿಂದಿನ ದೀಪದವರೆಗೆ.

"ಸಾಕು" ಅಂದರು ಕಾಕ.

ಧನಿ ಇಳಿದು ಬಂದು ತಲೆಗೆ ಕೈ ಇಟ್ಟರು. "ಛೆ, ಪುನಃ ಆಯ್ತಲ್ಲ ಕಾಕ." ಕಾಕ ಅವರ ಹೆಗಲಿಗೆ ಕೈ ಹಾಕಿ, "ಬಿಡಿ ಧನಿ, ತಗಡಿಗೆ ತಾನೇ" ಅಂದರು. ಗೋಡೆಯ ಈಚೆ ಅಕ್ಕ, ಆಚೆ ಉಮ್ಮ. ಇಬ್ಬರೂ ಗೀರನ್ನು ನೋಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾತ್ರೆ ಮಧ್ಯಾಹ್ನವೇ ಹೋಯಿತು, ಸಂಜೆ ತುಂಬಿ ಬಂತು. ನನಗೂ ಒಂದು ತಟ್ಟೆ ಸಿಕ್ಕಿತು. ಬಿರಿಯಾನಿ ಚೆನ್ನಾಗಿತ್ತು. ದುಃಖದಲ್ಲಿದ್ದರೂ ಎರಡು ಸಲ ಹಾಕಿಸಿಕೊಂಡೆ.

ಈಗ ಶೆಡ್ಡು ನನ್ನದು. ಗಿರಾಕಿಗಳು ಬರುತ್ತಾರೆ. ಬಂದವರು ಮೊದಲು ಬೋರ್ಡು ಓದುತ್ತಾರೆ, ಆಮೇಲೆ ತಲೆ ತಿರುಗಿಸಿ ಹತ್ತು ಹೆಜ್ಜೆ ಆಚೆ ನಿಂತಿರುವ ಬಿಳಿ ಕಾರನ್ನು ನೋಡುತ್ತಾರೆ. ಅದನ್ನು ಮುಟ್ಟಲಿಕ್ಕೆ ಎರಡು ಮನೆಯವರೂ ನನ್ನನ್ನು ಬಿಡುವುದಿಲ್ಲ. ವಾಟರ್ ಪೇಪರ್ ಹಿಡಿದು ಆ ಕಡೆ ನಡೆದರೇ ಸಾಕು, ನಾಲ್ಕು ಬಾಯಿಯಿಂದ ಒಟ್ಟಿಗೆ "ಏಯ್" ಅಂತ ಬರುತ್ತದೆ.

ಮೊನ್ನೆ ಒಬ್ಬ ಗಿರಾಕಿ ಕೇಳಿಯೇ ಬಿಟ್ಟ. "ಯಾವ ಗೀರೂ ಉಳಿಯುದಿಲ್ಲ ಅಂತ ಬರೆದಿದ್ದೀರಿ. ಮತ್ತೆ ಅದೆಂತ, ನಿಮ್ಮ ಮೂಗಿನ ಎದುರೇ?"

ನಾನು ತಲೆ ಎತ್ತದೆ ಉಜ್ಜುತ್ತಾ ಹೇಳಿದೆ: "ಅದು ಗೀರಲ್ಲ ಮಾರಾಯ್ರೆ. ಅದು ಎರಡು ಮನೆಯ ರೇಷನ್ ಕಾರ್ಡು."